ಭಾಜ್ಯತೆಯ ನಿಯಮಗಳು

ಭಾಜ್ಯತೆಯ ನಿಯಮಗಳು ಎಂದರೆ ಒಂದು ಪೂರ್ಣಾಂಕವು ಇನ್ನೊಂದು ಪೂರ್ಣಾಂಕದಿಂದ ನಿಶ್ಶೇಷವಾಗಿ ಭಾಗವಾಗುತ್ತದೆಯೇ ಎಂಬುದನ್ನು, ಪೂರ್ತಿ ಭಾಗಾಕಾರ ಮಾಡದೆ, ಆ ಸಂಖ್ಯೆಯ ಅಂಕಿಗಳನ್ನು ಪರಿಶೀಲಿಸಿ ತಿಳಿಯುವ ವಿಧಾನಗಳು. ಇವುಗಳನ್ನು ಶಾಲಾ ಗಣಿತದಲ್ಲಿ ಸಾಮಾನ್ಯವಾಗಿ ಕಂಠಪಾಠದ ಸೂತ್ರಗಳಂತೆ ಕಲಿಸಲಾಗುತ್ತದೆ. ವಾಸ್ತವವಾಗಿ ಇವೆಲ್ಲವೂ ಒಂದೇ ತತ್ತ್ವದ ಬೇರೆಬೇರೆ ರೂಪಗಳು: 10, 100, 1000 ಮುಂತಾದ ಸ್ಥಾನಬೆಲೆಗಳನ್ನು ಭಾಜಕದಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರತಿಯೊಂದು ನಿಯಮವನ್ನೂ ನಿರ್ಧರಿಸುತ್ತದೆ. ಅಳಿಸಿಹೋದ ಅಂಕಿಗಳನ್ನು ಪತ್ತೆ ಮಾಡುವುದು, ಲೆಕ್ಕದ ಉತ್ತರವನ್ನು ತಾಳೆ ನೋಡುವುದು, ಪೂರ್ಣಾಂಕ ಸಮೀಕರಣಗಳನ್ನು ಬಿಡಿಸುವುದು ಮತ್ತು ಕೆಲವು ಸಮಸ್ಯೆಗಳಿಗೆ ಉತ್ತರವೇ ಇಲ್ಲವೆಂದು ಸಾಧಿಸುವುದು ಇವುಗಳ ಪ್ರಮುಖ ಉಪಯೋಗಗಳು.

ಪರಿಭಾಷೆ

ಅ ಎಂಬ ಪೂರ್ಣಾಂಕವನ್ನು ಸೊನ್ನೆಯಲ್ಲದ ಬ ಎಂಬ ಪೂರ್ಣಾಂಕದಿಂದ ಭಾಗಿಸಿದಾಗ ಶೇಷ 0 ಆದರೆ, ಅ ಸಂಖ್ಯೆಯು ಬ ಸಂಖ್ಯೆಯ ಅಪವರ್ತ್ಯವೆಂದೂ, ಬ ಸಂಖ್ಯೆಯು ಅ ಸಂಖ್ಯೆಯ ಅಪವರ್ತನವೆಂದೂ ಕರೆಯುತ್ತಾರೆ. ಉದಾಹರಣೆಗೆ, 91 = 7 × 13 ಆದುದರಿಂದ 91 ಎಂಬುದು 7 ಮತ್ತು 13ರ ಅಪವರ್ತ್ಯ; 7 ಮತ್ತು 13 ಅದರ ಅಪವರ್ತನಗಳು. 0 ಎಂಬುದು ಎಲ್ಲ ಪೂರ್ಣಾಂಕಗಳ ಅಪವರ್ತ್ಯ. 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಎರಡು ಸಂಖ್ಯೆಗಳನ್ನು ಸಹ ಅವಿಭಾಜ್ಯ ಸಂಖ್ಯೆಗಳು ಎನ್ನುತ್ತಾರೆ. 8 ಮತ್ತು 9 ಇಂತಹ ಜೋಡಿ.

ಭಾಜ್ಯತೆಗೆ ಸಂಬಂಧಿಸಿದ ಬಹುತೇಕ ಸಮಸ್ಯೆಗಳಿಗೆ ಕೆಳಗಿನ ನಾಲ್ಕು ಗುಣಗಳು ಆಧಾರವಾಗಿವೆ.

• ಒಂದೇ ಸಂಖ್ಯೆಯ ಎರಡು ಅಪವರ್ತ್ಯಗಳ ಮೊತ್ತವೂ ವ್ಯತ್ಯಾಸವೂ ಆ ಸಂಖ್ಯೆಯ ಅಪವರ್ತ್ಯಗಳೇ ಆಗಿರುತ್ತವೆ.
• ಒಂದು ಸಂಖ್ಯೆಯ ಅಪವರ್ತ್ಯವನ್ನು ಯಾವುದೇ ಪೂರ್ಣಾಂಕದಿಂದ ಗುಣಿಸಿದರೂ ದೊರೆಯುವುದು ಆ ಸಂಖ್ಯೆಯ ಅಪವರ್ತ್ಯವೇ.
• ಎರಡು ಸಂಖ್ಯೆಗಳಲ್ಲಿ ಒಂದು ಮಾತ್ರ ಅಪವರ್ತ್ಯವಾಗಿದ್ದರೆ ಅವುಗಳ ಮೊತ್ತ ಅಪವರ್ತ್ಯವಾಗುವುದಿಲ್ಲ.
• ಒಂದು ಸಂಖ್ಯೆಯು ಸಹ ಅವಿಭಾಜ್ಯವಾದ ಎರಡು ಸಂಖ್ಯೆಗಳಿಂದ ಪ್ರತ್ಯೇಕವಾಗಿ ಭಾಗವಾದರೆ, ಅವುಗಳ ಗುಣಲಬ್ಧದಿಂದಲೂ ಭಾಗವಾಗುತ್ತದೆ.

ಪ್ರಮುಖ ನಿಯಮಗಳು

• 2, 5 ಮತ್ತು 10: ಬಿಡಿಸ್ಥಾನದ ಅಂಕಿ ಸಮವಾಗಿದ್ದರೆ 2ರಿಂದ, 0 ಅಥವಾ 5 ಆಗಿದ್ದರೆ 5ರಿಂದ, 0 ಆಗಿದ್ದರೆ 10ರಿಂದ ಭಾಗವಾಗುತ್ತದೆ.
• 4 ಮತ್ತು 25: ಕೊನೆಯ ಎರಡು ಅಂಕಿಗಳಿಂದಾದ ಸಂಖ್ಯೆಯನ್ನು ಮಾತ್ರ ಪರೀಕ್ಷಿಸಿದರೆ ಸಾಕು. 9,132ರಲ್ಲಿ 32 ಎಂಬುದು 4ರ ಅಪವರ್ತ್ಯ. ಆದುದರಿಂದ 9,132 ಕೂಡ 4ರಿಂದ ಭಾಗವಾಗುತ್ತದೆ.
• 8: ಕೊನೆಯ ಮೂರು ಅಂಕಿಗಳನ್ನು ಪರೀಕ್ಷಿಸಬೇಕು. 45,136ರಲ್ಲಿ 136 = 8 × 17.
• 3 ಮತ್ತು 9: ಅಂಕಿಗಳ ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ 3ರಿಂದ, ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. 4,713ರ ಅಂಕಿಗಳ ಮೊತ್ತ 15. ಅದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ.
• 6: ಸಂಖ್ಯೆಯು 2 ಮತ್ತು 3 ಎರಡರಿಂದಲೂ ಭಾಗವಾಗಬೇಕು.
• 11: ಬಲದಿಂದ ಎಡಕ್ಕೆ ಅಂಕಿಗಳನ್ನು ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತ ಹೋದಾಗ ಬರುವ ಫಲ 0 ಅಥವಾ 11ರ ಅಪವರ್ತ್ಯವಾಗಿರಬೇಕು. 90,728ಕ್ಕೆ 8 − 2 + 7 − 0 + 9 = 22; ಆದುದರಿಂದ ಅದು 11ರಿಂದ ಭಾಗವಾಗುತ್ತದೆ.
• 7: ಬಿಡಿಸ್ಥಾನದ ಅಂಕಿಯನ್ನು ತೆಗೆದು, ಅದರ ಎರಡರಷ್ಟನ್ನು ಉಳಿದ ಸಂಖ್ಯೆಯಿಂದ ಕಳೆಯಬೇಕು. 4,823ಕ್ಕೆ 482 − 6 = 476; ಮತ್ತೆ 47 − 12 = 35. ಇದು 7ರ ಅಪವರ್ತ್ಯವಾದ ಕಾರಣ 4,823 ಕೂಡ 7ರಿಂದ ಭಾಗವಾಗುತ್ತದೆ.
• 13: ಬಿಡಿಸ್ಥಾನದ ಅಂಕಿಯ ನಾಲ್ಕರಷ್ಟನ್ನು ಉಳಿದ ಸಂಖ್ಯೆಗೆ ಕೂಡಬೇಕು. 2,548ಕ್ಕೆ 254 + 32 = 286; ಮತ್ತೆ 28 + 24 = 52 = 13 × 4.

7, 11 ಮತ್ತು 13ಕ್ಕೆ ಒಂದು ಸಾಮಾನ್ಯ ಪರೀಕ್ಷೆಯೂ ಇದೆ. 7 × 11 × 13 = 1001 ಆಗಿರುವುದರಿಂದ, ದೊಡ್ಡ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳಾಗಿ ಮಾಡಿ, ಗುಂಪುಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿ ಕಳೆಯಬಹುದು. ಭಾರತೀಯ ಪದ್ಧತಿಯಲ್ಲಿ 8,64,213 ಎಂದು ಬರೆಯುವ ಸಂಖ್ಯೆಯನ್ನು ಇಲ್ಲಿ 864 ಮತ್ತು 213 ಎಂದು ವಿಂಗಡಿಸಬೇಕು. ಲಕ್ಷದ ಅಲ್ಪವಿರಾಮವನ್ನು ಅನುಸರಿಸಬಾರದು. 864 − 213 = 651 = 7 × 93. 651 ಎಂಬುದು 11ರಿಂದಾಗಲಿ 13ರಿಂದಾಗಲಿ ಭಾಗವಾಗುವುದಿಲ್ಲ. ಆದುದರಿಂದ ಮೂಲ ಸಂಖ್ಯೆಯು ಈ ಮೂರರಲ್ಲಿ 7ರಿಂದ ಮಾತ್ರ ಭಾಗವಾಗುತ್ತದೆ.

ನಿಯಮಗಳ ಹಿಂದಿನ ಕಾರಣ

ದಶಮಾನ ಪದ್ಧತಿಯಲ್ಲಿ 4,713 ಎಂದರೆ 4 × 1000 + 7 × 100 + 1 × 10 + 3. ಇಲ್ಲಿ 1000 = 999 + 1, 100 = 99 + 1 ಮತ್ತು 10 = 9 + 1. ಆದುದರಿಂದ ಇಡೀ ಸಂಖ್ಯೆಯನ್ನು ಎರಡು ಭಾಗಗಳಾಗಿ ಬರೆಯಬಹುದು:

4,713 = (4 × 999 + 7 × 99 + 1 × 9) + (4 + 7 + 1 + 3)

ಮೊದಲನೆಯ ಭಾಗವು 9ರ ಅಪವರ್ತ್ಯ. ಹೀಗಾಗಿ ಸಂಖ್ಯೆಯ ಹಣೆಬರಹವನ್ನು ನಿರ್ಧರಿಸುವುದು ಎರಡನೆಯ ಭಾಗ, ಅಂದರೆ ಅಂಕಿಗಳ ಮೊತ್ತ. 9ರ ಅಪವರ್ತ್ಯಗಳೆಲ್ಲವೂ 3ರ ಅಪವರ್ತ್ಯಗಳಾದುದರಿಂದ ಇದೇ ವಿವರಣೆ 3ಕ್ಕೂ ಅನ್ವಯಿಸುತ್ತದೆ. ಇದರಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ: ಅಂಕಿಗಳ ಮೊತ್ತವನ್ನು 9ರಿಂದ ಭಾಗಿಸಿದಾಗ ಬರುವ ಶೇಷವೇ ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಬರುವ ಶೇಷ.

11ರ ವಿಷಯದಲ್ಲಿ 10 = 11 − 1, 100 = 99 + 1, 1000 = 1001 − 1. 99 ಮತ್ತು 1001 ಎರಡೂ 11ರ ಅಪವರ್ತ್ಯಗಳು. ಸ್ಥಾನಬೆಲೆಗಳು ಸರದಿಯಂತೆ ಒಂದು ಹೆಚ್ಚು, ಒಂದು ಕಡಿಮೆ ಆಗುವುದರಿಂದಲೇ ಅಂಕಿಗಳನ್ನು ಸರದಿಯಂತೆ ಕೂಡಿ ಕಳೆಯಬೇಕಾಗುತ್ತದೆ. 4ಕ್ಕೆ ಕೊನೆಯ ಎರಡೇ ಅಂಕಿಗಳು ಸಾಕಾಗುವುದು 100 ಮತ್ತು ಅದಕ್ಕಿಂತ ಮೇಲಿನ ಎಲ್ಲ ಸ್ಥಾನಬೆಲೆಗಳು 4ರ ಅಪವರ್ತ್ಯಗಳಾಗಿರುವುದರಿಂದ. 8ಕ್ಕೆ ಮೂರು ಅಂಕಿಗಳು ಬೇಕಾಗುವುದು 100 ಅದರಿಂದ ಭಾಗವಾಗದೆ 1000 ಭಾಗವಾಗುವುದರಿಂದ.

7ರ ನಿಯಮದಲ್ಲಿ ಸಂಖ್ಯೆಯನ್ನು 10ಅ + ಬ ಎಂದು ಬರೆದುಕೊಳ್ಳಬೇಕು. ಇಲ್ಲಿ ಬ ಎಂಬುದು ಬಿಡಿಸ್ಥಾನದ ಅಂಕಿ. ಇದರ ಎರಡರಷ್ಟು 20ಅ + 2ಬ. ಇದನ್ನು 21ಅ − (ಅ − 2ಬ) ಎಂದೂ ಬರೆಯಬಹುದು. 21ಅ ಎಂಬುದು 7ರ ಅಪವರ್ತ್ಯ. 2 ಮತ್ತು 7 ಸಹ ಅವಿಭಾಜ್ಯಗಳು. ಆದುದರಿಂದ ಅ − 2ಬ ಎಂಬುದು 7ರಿಂದ ಭಾಗವಾದಾಗ, ಮತ್ತು ಆಗ ಮಾತ್ರ, ಮೂಲ ಸಂಖ್ಯೆಯು 7ರಿಂದ ಭಾಗವಾಗುತ್ತದೆ. ಆದರೆ ಈ ಕ್ರಮವು ಶೇಷವನ್ನು ಉಳಿಸಿಕೊಳ್ಳುವುದಿಲ್ಲ. ಭಾಗವಾಗುತ್ತದೆಯೋ ಇಲ್ಲವೋ ಎಂಬುದನ್ನಷ್ಟೇ ತಿಳಿಸುತ್ತದೆ.

ಭಾಜ್ಯತೆಯು ಸಂಖ್ಯೆಯ ಗುಣ. ಭಾಜ್ಯತೆಯ ನಿಯಮವು ಸಂಖ್ಯೆಯನ್ನು ಬರೆಯುವ ಪದ್ಧತಿಯ ಗುಣ. 8ನ್ನು ಆಧಾರವಾಗಿಟ್ಟುಕೊಂಡು ಸಂಖ್ಯೆಗಳನ್ನು ಬರೆದರೆ ಅಂಕಿಗಳ ಮೊತ್ತದ ನಿಯಮವು 7ಕ್ಕೆ ಅನ್ವಯಿಸುತ್ತದೆ, ಕೂಡಿ ಕಳೆಯುವ ನಿಯಮವು 9ಕ್ಕೆ ಅನ್ವಯಿಸುತ್ತದೆ.

ಇತಿಹಾಸ

ಅಪವರ್ತನ, ಅವಿಭಾಜ್ಯ ಸಂಖ್ಯೆ ಮತ್ತು ಮಹತ್ತಮ ಸಾಮಾನ್ಯ ಅಪವರ್ತನಗಳ ಕ್ರಮಬದ್ಧ ವಿವೇಚನೆಯು ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡನ ಗ್ರಂಥದ ಏಳನೆಯ ಭಾಗದಲ್ಲಿ ದೊರೆಯುತ್ತದೆ. ಭಾರತದಲ್ಲಿ ಶೇಷಗಳ ಅಧ್ಯಯನವು ಖಗೋಳ ಗಣನೆಯ ಅಗತ್ಯದಿಂದ ಬೆಳೆಯಿತು. ಆರ್ಯಭಟನು ಕ್ರಿ.ಶ. 499ರ ಕಾಲದ 'ಆರ್ಯಭಟೀಯ'ದಲ್ಲಿ ಪೂರ್ಣಾಂಕ ಸಮೀಕರಣಗಳನ್ನು ಬಿಡಿಸುವ ಕ್ರಮವನ್ನು ಹೇಳಿದ್ದಾನೆ. ಸಂಖ್ಯೆಗಳನ್ನು ಭಾಗಾಕಾರದಿಂದ ಕುಟ್ಟಿ ಪುಡಿಮಾಡಿದಂತೆ ಚಿಕ್ಕದಾಗಿಸುವ ಈ ಕ್ರಮಕ್ಕೆ 'ಕುಟ್ಟಕ' ಎಂಬ ಹೆಸರು ಬಂದಿತು. ಮೊದಲನೆಯ ಭಾಸ್ಕರನು 629ರಲ್ಲಿ ಬರೆದ ಭಾಷ್ಯದಲ್ಲಿ ಇದನ್ನು ಉದಾಹರಣೆಗಳೊಡನೆ ವಿವರಿಸಿದ್ದಾನೆ.

ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇದರ ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಪ್ರಶಂಸೆಯಿದೆ. ಈ ದೊರೆಯ ರಾಜಧಾನಿಯಾಗಿದ್ದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಖಗೋಳಶಾಸ್ತ್ರದಿಂದ ಪ್ರತ್ಯೇಕವಾಗಿ ಗಣಿತವನ್ನೇ ನಿರೂಪಿಸುವ ಈ ಗ್ರಂಥದಲ್ಲಿ ಹಂಚಿಕೆಗೆ ಸಂಬಂಧಿಸಿದ ಅನೇಕ ಕುಟ್ಟಕ ಸಮಸ್ಯೆಗಳಿವೆ. ಎರಡನೆಯ ಆರ್ಯಭಟನ 'ಮಹಾಸಿದ್ಧಾಂತ'ದಲ್ಲಿ 9ರ ಶೇಷದಿಂದ ಲೆಕ್ಕವನ್ನು ತಾಳೆ ನೋಡುವ ಕ್ರಮವಿದೆ.

ಯಾವುದೇ ಭಾಜಕಕ್ಕೆ ಅಂಕಿಗಳ ಮೂಲಕ ಪರೀಕ್ಷೆಯನ್ನು ರೂಪಿಸುವ ಸಾಮಾನ್ಯ ವಿಧಾನವನ್ನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ನೀಡಿದನು. ಅದು ಅವನ ಮರಣಾನಂತರ 1665ರಲ್ಲಿ ಪ್ರಕಟವಾಯಿತು. ಜರ್ಮನಿಯ ಕಾರ್ಲ್ ಫ್ರೀಡ್ರಿಶ್ ಗೌಸ್ 1801ರ ತನ್ನ ಗ್ರಂಥದಲ್ಲಿ ಶೇಷಗಳ ಗಣಿತಕ್ಕೆ ಇಂದು ಬಳಕೆಯಲ್ಲಿರುವ ಸಂಕೇತವನ್ನೂ ವ್ಯವಸ್ಥಿತ ರೂಪವನ್ನೂ ಕೊಟ್ಟನು.

ಸಮಸ್ಯೆಗಳನ್ನು ಬಿಡಿಸುವ ಕ್ರಮ

ಅಳಿಸಿಹೋದ ಅಂಕಿಗಳು

ಒಂದೇ ಬೆಲೆಯ 72 ನಿಘಂಟುಗಳ ಬಿಲ್ಲಿನಲ್ಲಿ ಒಟ್ಟು ಮೊತ್ತವು ಐದು ಅಂಕಿಗಳ ರೂಪಾಯಿ ಸಂಖ್ಯೆಯಾಗಿದ್ದು, ಅದರ ಎರಡನೆಯ ಮತ್ತು ಐದನೆಯ ಅಂಕಿಗಳು ಅಳಿಸಿಹೋಗಿವೆ ಎಂದು ಭಾವಿಸೋಣ. ಉಳಿದಿರುವುದು 5 ಅ 3 8 ಬ. ಪ್ರತಿ ನಿಘಂಟಿನ ಬೆಲೆ ಪೂರ್ಣ ರೂಪಾಯಿಗಳಲ್ಲಿದ್ದರೆ, ಒಟ್ಟು ಮೊತ್ತವು 72ರ ಅಪವರ್ತ್ಯವಾಗಿರಬೇಕು. 72 = 8 × 9; ಇವೆರಡೂ ಸಹ ಅವಿಭಾಜ್ಯಗಳು.

8ರ ನಿಯಮದಂತೆ ಕೊನೆಯ ಮೂರು ಅಂಕಿಗಳಾದ 3 8 ಬ ಪರೀಕ್ಷೆಗೆ ಒಳಪಡುತ್ತವೆ. 380ರಿಂದ 389ರವರೆಗೆ 8ರ ಅಪವರ್ತ್ಯ 384 ಒಂದೇ; ಆದುದರಿಂದ ಬ = 4. ಈಗ ಅಂಕಿಗಳ ಮೊತ್ತ 5 + ಅ + 3 + 8 + 4 = 20 + ಅ. ಇದು 9ರ ಅಪವರ್ತ್ಯವಾಗಬೇಕಾದರೆ ಅ = 7. ಮೊತ್ತ 57,384 ರೂಪಾಯಿ. ಪ್ರತಿ ನಿಘಂಟಿನ ಬೆಲೆ 797 ರೂಪಾಯಿ. ಎರಡು ಅಂಕಿಗಳಿಗೆ 100 ಸಾಧ್ಯತೆಗಳಿದ್ದ ಸಮಸ್ಯೆಯು ಎರಡೇ ಹಂತಗಳಲ್ಲಿ ಒಂದೇ ಉತ್ತರಕ್ಕೆ ಇಳಿಯುತ್ತದೆ.

ಶೇಷಗಳಿಂದ ಸಂಖ್ಯೆಯನ್ನು ಕಂಡುಹಿಡಿಯುವುದು

ಮೊದಲನೆಯ ಭಾಸ್ಕರನ ಒಂದು ಸಮಸ್ಯೆಯಲ್ಲಿ 8ರಿಂದ ಭಾಗಿಸಿದಾಗ 5, 9ರಿಂದ ಭಾಗಿಸಿದಾಗ 4, 7ರಿಂದ ಭಾಗಿಸಿದಾಗ 1 ಶೇಷ ಉಳಿಯುವ ಸಂಖ್ಯೆಯನ್ನು ಕೇಳಲಾಗಿದೆ. 8ರಿಂದ ಭಾಗಿಸಿದಾಗ 5 ಉಳಿಯುವ ಸಂಖ್ಯೆಗಳು 5, 13, 21, 29 ಇತ್ಯಾದಿ. ಇವುಗಳಲ್ಲಿ 9ರಿಂದ ಭಾಗಿಸಿದಾಗ 4 ಉಳಿಯುವ ಮೊದಲ ಸಂಖ್ಯೆ 13. 8 ಮತ್ತು 9ರ ಲಘುತಮ ಸಾಮಾನ್ಯ ಅಪವರ್ತ್ಯ 72 ಆದುದರಿಂದ, ಇವೆರಡು ಶೇಷಗಳೂ ಕೆಡದಂತೆ ಮುಂದುವರಿಯಲು 72ನ್ನೇ ಕೂಡುತ್ತ ಹೋಗಬೇಕು: 13, 85, 157 ಇತ್ಯಾದಿ. 13ನ್ನು 7ರಿಂದ ಭಾಗಿಸಿದರೆ 6 ಉಳಿಯುತ್ತದೆ; 85ನ್ನು ಭಾಗಿಸಿದರೆ 1 ಉಳಿಯುತ್ತದೆ. ಉತ್ತರ 85. ಇದಕ್ಕೆ 504ನ್ನು, ಅಂದರೆ 8 × 9 × 7ನ್ನು, ಕೂಡುತ್ತ ಹೋದರೆ ಉಳಿದ ಉತ್ತರಗಳು ದೊರೆಯುತ್ತವೆ.

ಮಹಾವೀರಾಚಾರ್ಯನ ಬಾಳೆಹಣ್ಣಿನ ಲೆಕ್ಕ

'ಗಣಿತಸಾರಸಂಗ್ರಹ'ದ ಒಂದು ಪ್ರಸಿದ್ಧ ಸಮಸ್ಯೆಯ ಸಾರಾಂಶ ಹೀಗಿದೆ: ಸಮಾನವಾದ 63 ಬಾಳೆಹಣ್ಣಿನ ರಾಶಿಗಳೂ ಬಿಡಿಯಾದ 7 ಹಣ್ಣುಗಳೂ ಇವೆ; 23 ಪ್ರಯಾಣಿಕರು ಅವೆಲ್ಲವನ್ನೂ ಸಮನಾಗಿ ಹಂಚಿಕೊಂಡರೆ ಒಂದು ರಾಶಿಯಲ್ಲಿದ್ದ ಹಣ್ಣುಗಳೆಷ್ಟು?

ರಾಶಿಯಲ್ಲಿ ಕ ಹಣ್ಣುಗಳಿವೆ ಎಂದಿಟ್ಟುಕೊಂಡರೆ 63ಕ + 7 ಎಂಬುದು 23ರ ಅಪವರ್ತ್ಯ. 69 = 23 × 3 ಆದುದರಿಂದ 69ಕ ಕೂಡ 23ರ ಅಪವರ್ತ್ಯ. ಅಪವರ್ತ್ಯಗಳ ವ್ಯತ್ಯಾಸವೂ ಅಪವರ್ತ್ಯವೇ. ಅಂದರೆ 6ಕ − 7 ಎಂಬುದು 23ರ ಅಪವರ್ತ್ಯವಾಗಿರಬೇಕು. ಹಾಗಾದರೆ 6ಕ ಎಂಬುದು 7, 30, 53, 76 ಇತ್ಯಾದಿಗಳಲ್ಲಿ ಒಂದು. ಇವುಗಳಲ್ಲಿ 6ರಿಂದ ಭಾಗವಾಗುವ ಮೊದಲ ಸಂಖ್ಯೆ 30; ಆದುದರಿಂದ ಕ = 5. ಒಟ್ಟು ಹಣ್ಣುಗಳು 63 × 5 + 7 = 322; ಪ್ರತಿಯೊಬ್ಬನಿಗೆ 14. ರಾಶಿಯ ಹಣ್ಣುಗಳಿಗೆ 23ನ್ನು ಕೂಡಿದರೆ ಮುಂದಿನ ಉತ್ತರ ಬರುತ್ತದೆ: ರಾಶಿಗೆ 28, ಪಾಲಿಗೆ 77. ದೊಡ್ಡ ಗುಣಕವನ್ನು ಹೀಗೆ ಚಿಕ್ಕದಾಗಿಸುವುದೇ ಕುಟ್ಟಕದ ತಿರುಳು.

ಉತ್ತರವಿಲ್ಲವೆಂದು ತೋರಿಸುವುದು

15 ರೂಪಾಯಿಯ ಪೆನ್ನುಗಳನ್ನೂ 21 ರೂಪಾಯಿಯ ನೋಟ್‌ಪುಸ್ತಕಗಳನ್ನೂ ಸರಿಯಾಗಿ 500 ರೂಪಾಯಿಗೆ ಕೊಳ್ಳಬಹುದೇ? 15 ಮತ್ತು 21 ಎರಡೂ 3ರ ಅಪವರ್ತ್ಯಗಳಾದ ಕಾರಣ, ಎಷ್ಟೇ ಕೊಂಡರೂ ಒಟ್ಟು ಬೆಲೆ 3ರ ಅಪವರ್ತ್ಯವಾಗಿರುತ್ತದೆ. 500ರ ಅಂಕಿಗಳ ಮೊತ್ತ 5. ಅದು 3ರಿಂದ ಭಾಗವಾಗುವುದಿಲ್ಲ. ಆದುದರಿಂದ ಇದು ಅಸಾಧ್ಯ. ಒಂದೊಂದಾಗಿ ಲೆಕ್ಕ ಹಾಕಿ ನೋಡುವ ಅಗತ್ಯವೇ ಇಲ್ಲ.

ಮೊತ್ತವು 501 ಆದರೆ ಸನ್ನಿವೇಶ ಬದಲಾಗುತ್ತದೆ. 3ರಿಂದ ಭಾಗಿಸಿದರೆ 5 × ಪೆನ್ನುಗಳು + 7 × ಪುಸ್ತಕಗಳು = 167. 5ರಿಂದ ಭಾಗಿಸಿದಾಗ 167ರಲ್ಲಿ 2 ಉಳಿಯುತ್ತದೆ. ಪುಸ್ತಕಗಳ ಸಂಖ್ಯೆಯ ಏಳರಷ್ಟರಲ್ಲಿಯೂ 2 ಉಳಿಯಬೇಕಾದರೆ ಆ ಸಂಖ್ಯೆ 1, 6, 11, 16 ಅಥವಾ 21 ಆಗಿರಬೇಕು. ಪೆನ್ನುಗಳು ಕ್ರಮವಾಗಿ 32, 25, 18, 11 ಮತ್ತು 4. ಒಂದು ರೂಪಾಯಿಯ ಅಂತರದಲ್ಲಿ ಉತ್ತರವೇ ಇಲ್ಲದ ಸಮಸ್ಯೆಗೆ ಐದು ಉತ್ತರಗಳು ಲಭಿಸುತ್ತವೆ.

ಇದೇ ಬಗೆಯ ಇನ್ನೊಂದು ಸಾಧನೆ: 11, 111, 1111 ಮುಂತಾದ, ಒಂದಕ್ಕಿಂತ ಹೆಚ್ಚು ಅಂಕಿಗಳಿದ್ದು ಎಲ್ಲವೂ 1 ಆಗಿರುವ ಯಾವ ಸಂಖ್ಯೆಯೂ ಪೂರ್ಣವರ್ಗವಲ್ಲ. ಸಮಸಂಖ್ಯೆಯ ವರ್ಗವನ್ನು 4ರಿಂದ ಭಾಗಿಸಿದರೆ 0, ಬೆಸಸಂಖ್ಯೆಯ ವರ್ಗವನ್ನು ಭಾಗಿಸಿದರೆ 1 ಉಳಿಯುತ್ತದೆ. ಈ ಸಂಖ್ಯೆಗಳೆಲ್ಲ 11ರಿಂದ ಕೊನೆಗೊಳ್ಳುವುದರಿಂದ 4ರಿಂದ ಭಾಗಿಸಿದಾಗ 3 ಉಳಿಯುತ್ತದೆ. ಮುಗಿವಿಲ್ಲದಷ್ಟು ಸಂಖ್ಯೆಗಳ ಕುರಿತಾದ ತೀರ್ಮಾನವು ಕೊನೆಯ ಎರಡು ಅಂಕಿಗಳಿಂದಲೇ ಲಭಿಸುತ್ತದೆ.

ಅಪವರ್ತ್ಯಗಳ ಎಣಿಕೆ

1ರಿಂದ 1000ದವರೆಗೆ 3 ಅಥವಾ 5ರಿಂದ ಭಾಗವಾಗುವ ಸಂಖ್ಯೆಗಳೆಷ್ಟು ಎಂಬ ಪ್ರಶ್ನೆಯಲ್ಲಿ 3ರ ಅಪವರ್ತ್ಯಗಳು 333, 5ರ ಅಪವರ್ತ್ಯಗಳು 200. ಇವೆರಡನ್ನು ಕೂಡಿದಾಗ 15ರ ಅಪವರ್ತ್ಯಗಳಾದ 66 ಸಂಖ್ಯೆಗಳು ಎರಡು ಬಾರಿ ಎಣಿಕೆಯಾಗಿರುತ್ತವೆ. ಆದುದರಿಂದ ಉತ್ತರ 333 + 200 − 66 = 467.

ಲೆಕ್ಕವನ್ನು ತಾಳೆ ನೋಡುವುದು

347 × 86 = 29,842 ಎಂಬ ಗುಣಾಕಾರವನ್ನು 9ರ ಶೇಷದಿಂದ ಪರೀಕ್ಷಿಸಬಹುದು. 347ರ ಅಂಕಿಗಳ ಮೊತ್ತ 14, ಮತ್ತೆ ಕೂಡಿದರೆ 5, 86ಕ್ಕೂ 5. 5 × 5 = 25, ಅದರಿಂದ 7. ಉತ್ತರದ ಅಂಕಿಗಳ ಮೊತ್ತ 25, ಅದರಿಂದಲೂ 7. ಎರಡೂ ಕಡೆ 7 ಬಂದಿರುವುದರಿಂದ ಲೆಕ್ಕ ತಾಳೆಯಾಗುತ್ತದೆ.

ಆದರೆ ತಾಳೆಯಾದ ಮಾತ್ರಕ್ಕೆ ಉತ್ತರ ಸರಿಯೆಂದು ಸಾಧಿತವಾಗುವುದಿಲ್ಲ. ಕೈತಪ್ಪಿನಿಂದ 28,942 ಎಂದು ಬರೆದರೂ ಅಂಕಿಗಳ ಮೊತ್ತ 25 ಆಗಿಯೇ ಉಳಿಯುತ್ತದೆ. ಅಂಕಿಗಳ ಸ್ಥಾನಪಲ್ಲಟವನ್ನು 9ರ ಪರೀಕ್ಷೆಯು ಗುರುತಿಸಲಾರದು. 11ರ ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. 347ರ ಶೇಷ 6, 86ರ ಶೇಷ 9; 6 × 9 = 54, ಅದರ ಶೇಷ 10. 29,842ರ ಶೇಷವೂ 10; ಆದರೆ 28,942ರ ಶೇಷ 1. ತಪ್ಪು ಬಯಲಾಗುತ್ತದೆ.

9ರ ಈ ಕುರುಡುತನವು ಲೆಕ್ಕಪತ್ರಗಳಲ್ಲಿ ಉಪಯೋಗಕ್ಕೂ ಬರುತ್ತದೆ. ಎರಡು ಅಂಕಿಗಳು ಅದಲುಬದಲಾದಾಗ ಮೂಲ ಸಂಖ್ಯೆಗೂ ತಪ್ಪು ಸಂಖ್ಯೆಗೂ ಇರುವ ವ್ಯತ್ಯಾಸವು ಯಾವಾಗಲೂ 9ರ ಅಪವರ್ತ್ಯ. ಜಮಾ ಖರ್ಚಿನ ಪಟ್ಟಿ ತಾಳೆಯಾಗದೆ ವ್ಯತ್ಯಾಸವು 9ರಿಂದ ಭಾಗವಾಗುವಂತಿದ್ದರೆ, ಲೆಕ್ಕಿಗರು ಮೊದಲಿಗೆ ಅಂಕಿಗಳ ಅದಲುಬದಲನ್ನು ಹುಡುಕುತ್ತಾರೆ.

ದೈನಂದಿನ ಬಳಕೆ

1582ರಲ್ಲಿ ಜಾರಿಗೆ ಬಂದ ಗ್ರೆಗೋರಿಯನ್ ಪಂಚಾಂಗದ ಅಧಿಕ ವರ್ಷದ ನಿಯಮವು ಭಾಜ್ಯತೆಯ ನಿಯಮವೇ. 4ರಿಂದ ಭಾಗವಾಗುವ ವರ್ಷ ಅಧಿಕ ವರ್ಷ; ಆದರೆ ಶತಮಾನದ ವರ್ಷಗಳು 400ರಿಂದ ಭಾಗವಾಗಬೇಕು. ಹೀಗಾಗಿ 2000 ಅಧಿಕ ವರ್ಷವಾಗಿತ್ತು. 1900 ಆಗಿರಲಿಲ್ಲ, 2100 ಆಗುವುದಿಲ್ಲ.

ಪುಸ್ತಕಗಳ ಮೇಲೆ ಮುದ್ರಿಸುವ ಐಎಸ್‌ಬಿಎನ್ ಸಂಖ್ಯೆಯ ಕೊನೆಯ ಅಂಕಿಯು ತಪಾಸಣಾ ಅಂಕಿ. 2006ರ ಅಂತ್ಯದವರೆಗೆ ಬಳಕೆಯಲ್ಲಿದ್ದ ಹತ್ತು ಅಂಕಿಗಳ ಪದ್ಧತಿಯಲ್ಲಿ ಅಂಕಿಗಳನ್ನು ಎಡದಿಂದ ಕ್ರಮವಾಗಿ 10, 9, 8 ... 1ರಿಂದ ಗುಣಿಸಿ ಕೂಡಿದ ಮೊತ್ತವು 11ರ ಅಪವರ್ತ್ಯವಾಗಿರಬೇಕು. 0-306-40615-2 ಎಂಬ ಸಂಖ್ಯೆಗೆ ಈ ಮೊತ್ತ 132 = 11 × 12. 11 ಅವಿಭಾಜ್ಯ ಸಂಖ್ಯೆಯಾಗಿರುವುದರಿಂದ ಒಂದು ಅಂಕಿ ತಪ್ಪಾದರೂ, ಬೇರೆಬೇರೆಯಾದ ಎರಡು ಅಂಕಿಗಳು ಸ್ಥಳ ಬದಲಿಸಿದರೂ ಮೊತ್ತವು 11ರಿಂದ ಭಾಗವಾಗುವುದಿಲ್ಲ. 2007ರಿಂದ ಜಾರಿಯಲ್ಲಿರುವ ಹದಿಮೂರು ಅಂಕಿಗಳ ಪದ್ಧತಿಯಲ್ಲಿ ಗುಣಕಗಳು ಸರದಿಯಂತೆ 1 ಮತ್ತು 3; ಮೊತ್ತವು 10ರ ಅಪವರ್ತ್ಯವಾಗಿರಬೇಕು. ಇದು ಒಂದು ಅಂಕಿಯ ತಪ್ಪನ್ನು ಹಿಡಿಯುತ್ತದೆ; ಆದರೆ 5ರ ಅಂತರವಿರುವ ಅಕ್ಕಪಕ್ಕದ ಅಂಕಿಗಳು, ಉದಾಹರಣೆಗೆ 1 ಮತ್ತು 6, ಅದಲುಬದಲಾದರೆ ಗುರುತಿಸುವುದಿಲ್ಲ.

ಸಾಮಾನ್ಯ ತಪ್ಪುಗಳು

• 4 ಮತ್ತು 6ರಿಂದ ಭಾಗವಾಗುವ ಸಂಖ್ಯೆ 24ರಿಂದಲೂ ಭಾಗವಾಗುತ್ತದೆ ಎಂದು ಭಾವಿಸುವುದು. 36 ಇದಕ್ಕೆ ವಿರುದ್ಧ ಉದಾಹರಣೆ. 4 ಮತ್ತು 6 ಸಹ ಅವಿಭಾಜ್ಯಗಳಲ್ಲ. ಖಚಿತವಾಗಿ ಹೇಳಬಹುದಾದದ್ದು ಅವುಗಳ ಲಘುತಮ ಸಾಮಾನ್ಯ ಅಪವರ್ತ್ಯವಾದ 12ರ ಬಗ್ಗೆ ಮಾತ್ರ.
• 12ರ ಪರೀಕ್ಷೆಗೆ 2 ಮತ್ತು 6ನ್ನು ಆರಿಸಿಕೊಳ್ಳುವುದು. 18 ಎರಡರಿಂದಲೂ ಭಾಗವಾಗುತ್ತದೆ, 12ರಿಂದ ಆಗುವುದಿಲ್ಲ. ಸರಿಯಾದ ಜೋಡಿ 3 ಮತ್ತು 4.
• ಅಂಕಿಗಳ ಮೊತ್ತದ ನಿಯಮವನ್ನು 3 ಮತ್ತು 9ರಿಂದ 27ಕ್ಕೂ ವಿಸ್ತರಿಸುವುದು. 1,899ರ ಅಂಕಿಗಳ ಮೊತ್ತ 27. ಆದರೆ ಅದನ್ನು 27ರಿಂದ ಭಾಗಿಸಿದರೆ 9 ಉಳಿಯುತ್ತದೆ. 10ನ್ನು 27ರಿಂದ ಭಾಗಿಸಿದಾಗ ಶೇಷ 1 ಬರುವುದಿಲ್ಲವಾದ್ದರಿಂದ ಈ ನಿಯಮಕ್ಕೆ ಅಲ್ಲಿ ಆಧಾರವಿಲ್ಲ.
• 3ರ ಪರೀಕ್ಷೆಯಲ್ಲಿ ಬಿಡಿಸ್ಥಾನದ ಅಂಕಿಯನ್ನು ಮಾತ್ರ ನೋಡುವುದು. 13, 16 ಮತ್ತು 19 ಯಾವುವೂ 3ರಿಂದ ಭಾಗವಾಗುವುದಿಲ್ಲ.

ಇವನ್ನೂ ನೋಡಿ

• ಅವಿಭಾಜ್ಯ ಸಂಖ್ಯೆ
• ಲಘುತಮ ಸಾಮಾನ್ಯ ಅಪವರ್ತ್ಯ
• ಮಹತ್ತಮ ಸಾಮಾನ್ಯ ಅಪವರ್ತನ
• ಮಹಾವೀರಾಚಾರ್ಯ
• ಕುಟ್ಟಕ